ಸಮುದ್ರದ ತಳದಲ್ಲಿದ್ದ ಹುಸೇನಸಾಬರು

ಸಾವಿರದ ಒಂಬೈನೂರ ಐವತ್ತೆರಡರ ಮಾಘದ ಒಂದು ಗುರುವಾರ, ಬೆಳಗಿನ ಹತ್ತು ಗಂಟೆ. ಮರಾಠಿ ಗಡಿಯ ಊರು ಉಮದಿಯ ಪಿಂಜಾರ ಹುಸೇನಸಾಬರ ಪಡಸಾಲೆಯಲ್ಲಿ ಕೂತಿದ್ದವರು ಸ್ವತಃ ಅವರು, ಮಗಳು ಜೈನಬಳನ್ನು ನೋಡಲು ಸನಮಡಿಯಿಂದ ಬಂದಿದ್ದ ವರನ ಕಾಕಾ ದಸ್ತಗೀರಸಾಬ, ವರನ ಅಜ್ಜಿ, ಮತ್ತು ಪಕ್ಕದ ಕಿರಾಣಿ ಅಂಗಡಿಯವನೆಂದು ಅವರು ಕರೆಸಿದ್ದ ನಾನು.

ಹುಸೇನಸಾಬರು ಕಸುಬಿನಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವವರು. ಎರಡನೆಯ ಮಹಾಯುದ್ಧದಲ್ಲಿ ಪಲ್ಟನ್ನಿನ ಗಾದಿ, ತಾಡಪತ್ರಿ ಹೊಲಿಯಲು ಹೋಗಿ ಬಂದಿದ್ದರು. ಎಲ್ಲಿದ್ದಿರಿ ಎಂದು ಕೇಳಿದರೆ ಉತ್ತರ ಒಂದೇ: "ಸಮುದ್ರದ ತಳದಾಗ." ಕೇಳಿದವರು ನಕ್ಕರೆ ಅವರು ಹಿಟ್ಟು ನಾದುವ ಅಗಲ ಪರಾತವನ್ನು ನೆಲಕ್ಕೆ ಇಟ್ಟು, ಸುತ್ತ ಸಣ್ಣ ಬಟ್ಟಲು, ವಾಟಿಗಳನ್ನು ಜೋಡಿಸುತ್ತಿದ್ದರು. ಪರಾತ ಸಪಾಟು ಮಾಳಿಗೆಯ ದೊಡ್ಡ ಹಡಗು, ವಿಮಾನ ಅದರ ಮೇಲೆ ಇಳಿಯುತ್ತಿತ್ತು. ವಾಟಿಗಳು ಎಣ್ಣೆ, ಅಕ್ಕಿ, ಮದ್ದು ತಂದ ಹಡಗುಗಳು. "ನೆಲ ಇಲ್ಲದಲ್ಲಿ ನೆಲ ಹಾಸಬೇಕ್ರಿ, ಗಾದಿ ಹಾಸಿದಂಗ," ಎನ್ನುತ್ತಿದ್ದರು. ಜನ ಮತ್ತಷ್ಟು ನಗುತ್ತಿದ್ದರು. ಮಾತಿಗೆ ಮಿತಿಯಿದ್ದ, ಅಳತೆಯಲ್ಲಿ ಒಂದು ಗೇಣು ತಪ್ಪದ ಮನುಷ್ಯ ಇದೊಂದರಲ್ಲಿ ಮಾತ್ರ ಹೀಗೇಕೆ ಎಂದು ನನಗೂ ಅನಿಸುತ್ತಿತ್ತು.

ಆ ಸುದ್ದಿ ಸನಮಡಿಗೂ ಮುಟ್ಟಿತ್ತು. ಹುಡುಗಿ ಒಪ್ಪಿಗೆಯಾಗಿದ್ದಳು. ಚಹಾ ಮುಗಿಸಿ ದಸ್ತಗೀರಸಾಬ ಕೇಳಿದ: "ತಪ್ಪ ತಿಳಕೋಬ್ಯಾಡ್ರಿ. ನೀವು ಸಮುದ್ರದ ತಳದಾಗ ಇದ್ದಿರಂತಲ್ಲ?"

"ಇದ್ದೆ."

"ಉಸಿರು ಹೆಂಗ ಆಡತಿದ್ರಿ?"

"ಮೂಗಿಲೇ ಆಡತಿದ್ದೆ. ಅಲ್ಲಿ ಗಾಳಿ ಭಾಳ."

"ಮತ್ತ ಮೀನ ಬಂದು ಸಲಾಮ ಹೊಡೀತಿದ್ದುವೇನು?"

ಒಳಗೆ ಬಳೆ ಸದ್ದು ನಿಂತಿತು. ನಾನು ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ: "ಚೇಷ್ಟಿಗೆ ಅಂದೆ ಅಂತ ಹೇಳಿಬಿಡ್ರಿ ಮಾಮಾ. ಮದುವಿ ಮಾತದ."

ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ಇದ್ದದ್ದನ್ನ ಇಲ್ಲ ಅಂದ್ರ, ನನ್ನ ಮಗಳ ಬಗ್ಗೆ ಹೇಳಿದ್ದನ್ನ ಇವರು ಯಾಕ ನಂಬಬೇಕು?"

ದಸ್ತಗೀರಸಾಬ ರುಮಾಲು ಝಾಡಿಸಿ ಎದ್ದ. "ಏಳವಾ. ಸುಳ್ಳಿನ ಮನಿ ಹೆಣ್ಣ ನಮಗ ಬ್ಯಾಡ."

ಅಜ್ಜಿ ಏಳಲಿಲ್ಲ. ಕುರಿಗಾರರಿಂದ ಉಣ್ಣೆ ಕೊಂಡು ಮಾರುತ್ತ ವಯಸ್ಸು ಕಳೆದ ಹೆಂಗಸು. ಹುಸೇನಸಾಬರನ್ನು ಕೇಳಿದಳು: "ತಳ ಅಂತ ನಿನಗ ಯಾರು ಹೇಳಿಕೊಟ್ರೋ ತಮ್ಮಾ?"

"ನಮ್ಮ ಕೆಲಸ ನೋಡೋ ಮುಕಾದಮ. ಕೊಂಕಣದಾಂವ. ದಿನಾ ಮುಂಜಾನಿ 'ತಳಾವರ ಚಲಾ', ತಳಕ್ಕ ನಡೀರಿ, ಅಂತಿದ್ದ."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಅಯ್ಯ ದಸ್ತ್ಯಾ, ಕುರಿ ಕಾಯೋ ಧನಗರರು ನಮ್ಮ ಹೊಲದಾಗ ತಳ ಹೊಡೀತಾರಲ್ಲೋ, ಮಣ್ಣಾಗ ಹೂತಕೊಂಡು ಮಲಗತಾರೇನು? ಮರಾಠಿ ತಳ ಅದು. ಪಲ್ಟನ್ನಿನ ಠಾಣೆ, ಬಿಡಾರ. ಇವರು ನೀರ ಮ್ಯಾಲ ಬಿಡಾರ ಹಾಕಿದ್ರು, ಅಷ್ಟ."

ಮರಾಠಿ ನಮಗೆಲ್ಲರಿಗೂ ಬರುತ್ತಿತ್ತು. ಆದರೆ ಅವರು ಕನ್ನಡದಲ್ಲಿ ಹೇಳಿದ್ದನ್ನು ನಾವು ಕನ್ನಡದಲ್ಲೇ ಕೇಳಿದ್ದೆವು.

ಹುಸೇನಸಾಬರು ನನ್ನ ಕಡೆ ತಿರುಗಿದರು. "ಹಂಗಾದ್ರ ಇಷ್ಟ ವರ್ಷ ನೀವು ನಕ್ಕದ್ದು ಯಾತಕ್ಕ?"

"ನೀರಾಗ ಮುಳುಗಿ ಹೆಂಗ ಬದುಕಿದ್ರಿ ಅಂತ."

"ನಾ ವಿಮಾನಕ್ಕ ನಗತೀರಿ ಅಂತ ತಿಳಕೊಂಡಿದ್ದೆ."

ದಸ್ತಗೀರಸಾಬ ನಿಂತಲ್ಲೇ ಕೇಳಿದ: "ಅಂದ್ರ, ಹಡಗಿನ ಮ್ಯಾಲ ವಿಮಾನ ಇಳಿಯೂದು ಖರೇ ಏನು?"

"ಕುಂದರೋ," ಎಂದಳು ಅಜ್ಜಿ. "ಅದನ್ನ ಬೀಗರಾದ ಮ್ಯಾಲ ಕೇಳು. ಮೊದಲ ಸಕ್ಕರಿ ತರಸು."

ಸಂಬಂಧ ಕುದುರಿದ್ದಕ್ಕೆ ಸಕ್ಕರೆ ಹಂಚಲಾಯಿತು. ಮದುವೆ ಚಲೋ ಆಯಿತು. ಆಮೇಲೆ ಊರಲ್ಲಿ ಯಾರೂ ಹುಸೇನಸಾಬರನ್ನು ಸಮುದ್ರದ ಬಗ್ಗೆ ಕೇಳಲಿಲ್ಲ. ಸುಳ್ಳಾಗಿದ್ದಾಗ ಸಂತೆಯ ದಿನ ಸುತ್ತ ಕೂಡುತ್ತಿದ್ದ ಜನ, ಖರೆಯಾದ ಮೇಲೆ ಕೇಳುವುದೇನಿದೆ ಎಂದು ಮುಂದೆ ಹೋಗುತ್ತಿದ್ದರು. ಕೆಲ ವರ್ಷಕ್ಕೆ ಅವರು ತೀರಿಕೊಂಡರು. ಹಡಗಿನ ಮೇಲೆ ಅವರು ಏನು ಉಂಡರು, ಎಲ್ಲಿ ಮಲಗಿದರು, ನಾನೂ ಕೇಳಿದವನಲ್ಲ.

ಆ ಗುರುವಾರ ಬೀಗರು ಹೊರಟ ಮೇಲೆ ಗಿರಾಕಿಯೊಬ್ಬರ ಗಾದಿ ಅರ್ಧ ಉಳಿದಿತ್ತು. ನಾನು ಒಂದು ತುದಿ ಬಿಗಿಹಿಡಿದೆ. ಅವರು ಹೊಲಿಯುತ್ತ ನಡುನಡುವೆ ಒಬ್ಬರೇ ನಕ್ಕರು. ಹೊತ್ತು ಮುಳುಗುವ ಮುಂಚೆ ಕೊನೆಯ ಹೊಲಿಗೆ ಹಾಕಿ, ದಾರ ಕಡಿದು, ಗಾದಿಯನ್ನು ಸುರುಳಿ ಸುತ್ತಿ ಕಟ್ಟಿದರು.