ಬೆಳ್ಮಣ್ಣಿನ ಏರು, ಹನ್ನೊಂದು ಸೆಕೆಂಡು ಮತ್ತು ನನ್ನ ಓರಗಿತ್ತಿ

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಣಿಪಾಲದಿಂದ ಸೈಕಲ್ ಏರಿ ಹೊರಟೆ. ಇಳಿಜಾರಿನಲ್ಲಿ ಕಿವಿಗೆ ತಣ್ಣನೆಯ ಗಾಳಿ ಹೊಡೆಯುತ್ತಿತ್ತು. ಮೂರು ಕಿಲೋಮೀಟರ್ ಕೆಳಗೆ, ಇಂದ್ರಾಳಿಯಲ್ಲಿ, ನನ್ನ ಓರಗಿತ್ತಿ ಶಶಿಕಲಾ ಗೇಟಿನ ಹೊರಗೆ ಕಾಯುತ್ತಿದ್ದಳು. ಉಡುಪಿ, ಕಟಪಾಡಿ, ಕಾಪು, ಪಡುಬಿದ್ರಿ. ಅಲ್ಲಿ ಪೂರ್ವಕ್ಕೆ ತಿರುಗಿ ನಂದಿಕೂರು, ಬೆಳ್ಮಣ್, ಕಾರ್ಕಳ. ಮತ್ತೆ ಹಿರಿಯಡ್ಕದ ದಾರಿಯಾಗಿ ಮನೆಗೆ. ಒಟ್ಟು ತೊಂಬತ್ತರ ಆಸುಪಾಸು ಕಿಲೋಮೀಟರ್. ಹೋಗೋಣವೆಂದು ಕರೆದವಳು ಅವಳು. ಏಕೆ ಕರೆದಿದ್ದಾಳೆಂದು ನನಗೆ ಗೊತ್ತು ಎಂದುಕೊಂಡಿದ್ದೆ.

ಕಾರಣ ಬೆಳ್ಮಣ್ಣಿನ ಏರು. ನಮ್ಮಿಬ್ಬರ ಫೋನಿನಲ್ಲೂ ಸೈಕಲಿನ ಓಟ ಅಳೆಯುವ ಆ್ಯಪ್ ಇದೆ. ಅದು ರಸ್ತೆಯನ್ನು ತುಂಡು ತುಂಡು ಮಾಡಿ, ಪ್ರತಿ ತುಂಡನ್ನೂ ಯಾರು ಎಷ್ಟು ಹೊತ್ತಿನಲ್ಲಿ ದಾಟಿದರೆಂದು ಪಟ್ಟಿ ಹಾಕುತ್ತದೆ. ಮೊದಲಿಗಳಾದವಳ ಹೆಸರಿನ ಪಕ್ಕ ಒಂದು ಪುಟ್ಟ ಕಿರೀಟ. ಬೆಳ್ಮಣ್ಣಿನ ಏರಿನಲ್ಲಿ ಎರಡು ವರ್ಷ ಆ ಕಿರೀಟ ನನ್ನದಾಗಿತ್ತು. ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಸಂಖ್ಯೆಯನ್ನು ನಂಬುವವಳು. ಶಶಿಕಲಾ ರವಿಕೆ ಹೊಲಿಯುವವಳು, ನನಗಿಂತ ಎಂಟು ವರ್ಷ ಚಿಕ್ಕವಳು, ಸೈಕಲ್ ಕಲಿತದ್ದು ನನ್ನಿಂದ. ಅವಳು ಅಕ್ಟೋಬರಿನಲ್ಲಿ ಆ ಏರನ್ನು ನನಗಿಂತ ಹನ್ನೊಂದು ಸೆಕೆಂಡು ಬೇಗ ಹತ್ತಿಬಿಟ್ಟಳು. ಅತ್ತೆ ಊರಿಗೆಲ್ಲ ಫೋನು ಮಾಡಿ ಹೇಳಿದರು. ಕುವೈತಿನಲ್ಲಿರುವ ನನ್ನ ಗಂಡ ತಮ್ಮನ ಹೆಂಡತಿಯ ಓಟಕ್ಕೆ ಮೊದಲು ಹೆಬ್ಬೆಟ್ಟು ಒತ್ತಿ, ನನ್ನ ಓಟಕ್ಕೆ ಮರುದಿನ ಒತ್ತಿದರು. ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಮರ್ಯಾದಸ್ಥ ಶಬ್ದ ಹುಡುಕುವುದಿಲ್ಲ.

ಆ ಆ್ಯಪಿನಲ್ಲಿ ಒಂದು ಸೌಲಭ್ಯವಿದೆ. ಯಾರದಾದರೂ ಓಟ ಸುಳ್ಳೆನಿಸಿದರೆ ದೂರು ಕೊಡಬಹುದು. ಕೊಟ್ಟವರ ಹೆಸರು ಯಾರಿಗೂ ತಿಳಿಯುವುದಿಲ್ಲ. ಒಂದು ಸಂಜೆ ಒಗ್ಗರಣೆ ಹಾಕಿ, ಕೈ ಒರೆಸಿಕೊಂಡು, ಅವಳ ಓಟದ ಮೇಲೆ ‘ವಾಹನದಲ್ಲಿ ಹೋದದ್ದು’ ಎಂದು ಒತ್ತಿದೆ. ಸಾರು ಕುದಿಯುವಷ್ಟರಲ್ಲಿ ಅವಳ ಹೆಸರು ಪಟ್ಟಿಯಿಂದ ಹೋಗಿತ್ತು, ಕಿರೀಟ ನನ್ನ ಹೆಸರಿಗೆ ಮರಳಿತ್ತು. ಈಗ ಅದನ್ನು ಕಿತ್ತುಕೊಳ್ಳಲೆಂದೇ ಅವಳು ನನ್ನನ್ನು ಕರೆದದ್ದು ಎಂದು ತಿಳಿದು, ಹದಿನೈದು ದಿನ ಬೆಳಿಗ್ಗೆ ಅಭ್ಯಾಸ ಮಾಡಿ ಬಂದಿದ್ದೆ.

ಕಟಪಾಡಿಗೆ ಏಳು ಗಂಟೆಗೆ ಮುಟ್ಟಿದೆವು. ಬಸ್ಸು, ಆಟೋಗಳ ನಡುವೆ ದಾರಿ ಸಿಗುವುದಕ್ಕೇ ಒಂದು ನಿಮಿಷ ಹಿಡಿಯಿತು. ಆ ಒಂದು ನಿಮಿಷಕ್ಕೂ ನಾನು ಫೋನಿನ ಗಡಿಯಾರ ನಿಲ್ಲಿಸಿದೆ. ಹೋಟೆಲಿನಲ್ಲಿ ಎರಡೆರಡು ಬನ್ಸ್ ತಿಂದು ಚಹಾ ಕುಡಿದೆವು. ಶಶಿಕಲಾ ಇನ್ನೊಂದು ಚಹಾ ಹೇಳಿದಳು. ನಾನು ಬಾಗಿಲಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತೆ.

“ಎಂತ ಅಕ್ಕ, ಬಸ್ಸು ತಪ್ಪುತ್ತದಾ ನಿಮಗೆ?” ಎಂದಳು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಾಪುವಿನಲ್ಲಿ ಅವಳು ಹೇಳದೆ ಕೇಳದೆ ಬಲಕ್ಕೆ ತಿರುಗಿ ಸಮುದ್ರಕ್ಕೆ ಇಳಿದಳು. ದೀಪಸ್ತಂಭದ ಬಂಡೆಯ ಬುಡದಲ್ಲಿ ಶೂ ಕಳಚಿಟ್ಟು, ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಕರೆದಳು. “ನೀರು ಬೆಚ್ಚಗೆ ಉಂಟು, ಬನ್ನಿ ಅಕ್ಕ!” ಶೂವಿನೊಳಗೆ ಮರಳು ಹೋದರೆ ಏರಿನಲ್ಲಿ ಕಾಲು ಉಜ್ಜುತ್ತದೆ ಎಂದೆ. ಆ ಇಪ್ಪತ್ತು ನಿಮಿಷ ವಾಹನ ನಿಲ್ಲಿಸುವ ಜಾಗದಲ್ಲಿ ಸುತ್ತು ಹಾಕುತ್ತ ಕಾಲು ಬೆಚ್ಚಗಿಟ್ಟುಕೊಂಡೆ. ಮೀನುಗಾರರೊಬ್ಬರು ಬಲೆ ಬಿಡಿಸುತ್ತ ನನ್ನನ್ನು ನೋಡಿ, “ಎಂತ ಹುಡುಕುವುದು? ಏನಾದರೂ ಬಿದ್ದುಹೋಯಿತಾ?” ಎಂದು ಕೇಳಿದರು. ಎಂತದೂ ಇಲ್ಲ ಎಂದೆ. ಅವಳು ಮುಂದಿನ ಓಟಕ್ಕೆ ಕಾಲಿಗೆ ವಿಶ್ರಾಂತಿ ಕೊಡುತ್ತಿದ್ದಾಳೆಂದು ನನ್ನ ಅನುಮಾನ.

ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟೆವು. ನಂದಿಕೂರಿನ ಎತ್ತರದ ಚಿಮಣಿ ಬಹಳ ಹೊತ್ತು ಕಣ್ಣೆದುರೇ ಇತ್ತು, ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಆಮೇಲೆ ರಸ್ತೆ ಸುಮ್ಮನಾಯಿತು. ಕೊಯ್ಲಾದ ಗದ್ದೆಗಳಲ್ಲಿ ಉದ್ದು ಬಿತ್ತಿದ್ದರು. ಏರು ಶುರುವಾಗುವ ಜಾಗ ಬಂದಾಗ ನಾನು ಹಿಂತಿರುಗಿ ನೋಡದೆ ಎದ್ದು ತುಳಿದೆ. ಬಾಯಿ ಒಣಗಿತು, ತೊಡೆ ಉರಿಯಿತು. ಹಿಂದೆ ಅವಳ ಉಸಿರು ಕೇಳಿದಂತೆ ಮೂರು ಸಲ ಅನಿಸಿತು. ಮೇಲೆ ತಲಪಿ ತಿರುಗಿದರೆ ರಸ್ತೆಯಲ್ಲಿ ಒಂದು ನಾಯಿ ಮಾತ್ರ ಇತ್ತು.

ಫೋನು ನೋಡಿದೆ. ನನ್ನ ಹಳೆಯ ಸಮಯಕ್ಕಿಂತ ಎರಡು ಸೆಕೆಂಡು ಹೆಚ್ಚು. ಎದುರು ಗಾಳಿ ಇತ್ತು ಎಂದುಕೊಂಡೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಶಶಿಕಲಾ ಬಂದದ್ದು ಅರ್ಧ ಗಂಟೆ ಬಿಟ್ಟು. ಹ್ಯಾಂಡಲಿಗೆ ಒಂದು ಕಟ್ಟು ಕೆಂಪು ಹರಿವೆ ಸೊಪ್ಪು ನೇತಾಡುತ್ತಿತ್ತು. ಕೆಳಗೆ ತೋಟದಲ್ಲಿ ಒಬ್ಬ ಅಜ್ಜಿ ಸೊಪ್ಪು ಕೀಳುತ್ತಿದ್ದರಂತೆ, ಮಾತಿಗೆ ನಿಂತಳಂತೆ. “ಸಂಜೆ ಪದಾರ್ಥಕ್ಕೆ ಆಯಿತು,” ಎಂದು ನಕ್ಕಳು. ಹದಿನೈದು ದಿನದ ನನ್ನ ಅಭ್ಯಾಸಕ್ಕೆ ಎದುರಾಳಿಯೇ ಇರಲಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಬೆಳ್ಮಣ್ಣಿನ ಹೋಟೆಲಿನಲ್ಲಿ ಬಿಸಿ ಗೋಳಿಬಜೆ ಇತ್ತು. ಒಂದನ್ನು ಮುರಿಯುತ್ತ ಅವಳೇ ಮಾತು ತೆಗೆದಳು.

“ಈ ಏರಿನ ನನ್ನ ಓಟಕ್ಕೆ ಯಾರೋ ದೂರು ಕೊಟ್ಟದ್ದು ನಿಮಗೆ ಗೊತ್ತುಂಟಲ್ವಾ? ಎರಡು ದಿನ ನಾನು ಊಟ ಮಾಡಲಿಲ್ಲ. ಇವರು ಸಹ ಕೇಳಿದರು, ‘ನಿಜ ಹೇಳು, ಸ್ಕೂಟರಿನಲ್ಲಿ ಹೋದದ್ದಲ್ವಾ?’ ಅಂತ. ಕಟ್ಟಿಕೊಂಡ ಗಂಡ! ಅತ್ತೆಯೂ ಕೇಳಿದರು. ಕೇಳದೆ ಇದ್ದದ್ದು ನೀವೊಬ್ಬರೇ ಅಕ್ಕ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಲಿಲ್ಲ, ಚಟ್ನಿ ಕೇಳಿದೆ.

“ಆಮೇಲೆ?”

“ಆಮೇಲೆ ಎಂತ? ಫೋನನ್ನು ಬಂದ್ ಮಾಡಿ ಚೀಲಕ್ಕೆ ಹಾಕಿ ಹೊರಟೆ ಒಂದು ದಿನ. ಅಕ್ಕ, ದಾರಿಯಲ್ಲಿ ಎಷ್ಟೆಲ್ಲ ಉಂಟು! ಮೊದಲು ನಾನು ಗಡಿಯಾರ ಬಿಟ್ಟು ಎಂತ ಸಹ ನೋಡಿರಲಿಲ್ಲ. ಆ ಪುಣ್ಯಾತ್ಮ ಯಾರೋ, ಒಂದು ಲೆಕ್ಕದಲ್ಲಿ ಉಪಕಾರ ಮಾಡಿದ. ಅದಕ್ಕೇ ನಿಮ್ಮನ್ನು ಕರೆದದ್ದು, ಒಟ್ಟಿಗೆ ನಿಧಾನ ಹೋಗುವ ಅಂತ.”

ಅಂದರೆ ಕಿರೀಟ ಕಿತ್ತುಕೊಂಡವಳಿಗೆ ಉಳಿದದ್ದು ಎರಡು ಸೆಕೆಂಡಿನ ಸೋಲು. ಕಳೆದುಕೊಂಡವಳಿಗೆ ಸಮುದ್ರ, ಅಜ್ಜಿ, ಹರಿವೆ ಸೊಪ್ಪು. ಹನ್ನೊಂದು ಸೆಕೆಂಡಿಗೆ ಉರಿದದ್ದಕ್ಕಿಂತ ಹೆಚ್ಚು ಆ ಹೊತ್ತಿಗೆ ಉರಿಯಿತು.

ಕಾರ್ಕಳಕ್ಕೆ ಹನ್ನೊಂದೂವರೆಗೆ ತಲಪಿದೆವು. ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಗೊಮ್ಮಟನ ಬೆಟ್ಟದ ಮೆಟ್ಟಿಲು ಹತ್ತಿ ಹೋದಳು. ನಾನು ಎರಡು ಸೈಕಲುಗಳಿಗೆ ಕಾವಲು ಕೂತು ಬೊಂಡ ಕೊಚ್ಚಿಸಿ ಎಳನೀರು ಕುಡಿದೆ. ಇಳಿದು ಬಂದು, ಮೇಲೆ ಗಾಳಿ ಹೇಗಿತ್ತು, ಕೆರೆ ಹೇಗೆ ಕಂಡಿತು ಎಂದೆಲ್ಲ ಹೇಳಿದಳು. ಊಟ ಮಾಡಿ ಬಿಸಿಲು ಇಳಿಯುವವರೆಗೆ ಒಂದು ಅಂಗಡಿಯ ಜಗಲಿಯಲ್ಲಿ ಕೂತೆವು. ಅವಳು ಹತ್ತು ನಿಮಿಷ ನಿದ್ದೆಯನ್ನೂ ಮಾಡಿದಳು. ನಿದ್ದೆಯೂ ಅವಳಿಗೇ ಬರಬೇಕೇ!

ಹಿರಿಯಡ್ಕದಲ್ಲಿ ನಾಲ್ಕೂವರೆಗೆ ಚಹಾಕ್ಕೆ ನಿಂತೆವು. ಮೇಜಿನ ಮೇಲಿದ್ದ ನನ್ನ ಫೋನಿನಲ್ಲಿ ಬೆಳ್ಮಣ್ಣಿನ ಪಟ್ಟಿ ತೆರೆದೇ ಇತ್ತು. ಶಶಿಕಲಾ ಬಗ್ಗಿ ನೋಡಿದಳು. “ಹೋ, ಇನ್ನೂ ನೀವೇ ಫಸ್ಟ್! ಒಳ್ಳೆಯದಾಯಿತು ಅಕ್ಕ. ಬೇರೆ ಯಾರ ಪಾಲಿಗೂ ಹೋಗಲಿಲ್ಲವಲ್ಲ.” ಮುಖದಲ್ಲಿ ಒಂದು ಚೂರು ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ದೂರು ಕೊಟ್ಟದ್ದು ನಾನು,” ಎಂದೆ.

ಓದುವವರು ಇದನ್ನು ಪಶ್ಚಾತ್ತಾಪವೆಂದು ತಿಳಿಯಬಾರದು. ಅವಳ ನೆಮ್ಮದಿಯನ್ನು ನೋಡಿ ಸಹಿಸಲಾಗದೆ, ಅದನ್ನು ಕೆಡಿಸಲಿಕ್ಕೇ ಹೇಳಿದೆ. ಕೆಟ್ಟಿತು. ಅವಳ ಕೈಯ ಲೋಟ ಮೇಜಿನ ಮೇಲೆ ಕೂತಿತು.

“ನಾನು ಸ್ಕೂಟರಿನಲ್ಲಿ ಹೋದೆ ಅಂತ ನೀವು ನಿಜವಾಗಿ ಎಣಿಸಿದ್ದಾ, ಅಲ್ಲ ಸುಮ್ಮನೆಯಾ?”

ಹೌದು, ಹಾಗೇ ಎಣಿಸಿದ್ದೆ ಎನ್ನಬಹುದಿತ್ತು. “ಸುಮ್ಮನೆ,” ಎಂದೆ.

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. ಸೇತುವೆ ದಾಟಿದೆವು, ಆತ್ರಾಡಿ ದಾಟಿದೆವು. ಪರ್ಕಳದ ಏರಿನ ಬುಡದಲ್ಲಿ ಅವಳು ಗೇರ್ ಬದಲಿಸಿದ ಸದ್ದು ಕೇಳಿತು, ಅಷ್ಟೇ. ಎದ್ದು ನಿಲ್ಲಲಿಲ್ಲ, ಮೈ ಅಲುಗಿಸಲಿಲ್ಲ, ಹೊಲಿಗೆ ಯಂತ್ರ ತುಳಿಯುವವಳಂತೆ ಕೂತಲ್ಲೇ ಕೂತು ತುಳಿದಳು. ನಾನು ಜೀವ ಬಾಯಿಗೆ ಬರುವಂತೆ ತುಳಿದೆ. ಬೆಳ್ಮಣ್ಣಿನಲ್ಲೂ ಹಾಗೆ ತುಳಿದಿರಲಿಲ್ಲ. ಆದರೂ ಪ್ರತಿ ಸಲ ತಲೆ ಎತ್ತಿದಾಗ ಅವಳು ಇನ್ನಷ್ಟು ಚಿಕ್ಕದಾಗಿ ಕಂಡಳು. ತಿರುವಿನಲ್ಲಿ ಒಂದು ಬಸ್ಸು ಅಡ್ಡ ಬಂತು. ಅದು ಹೋದ ಮೇಲೆ ರಸ್ತೆ ಖಾಲಿಯಾಗಿತ್ತು. ಸ್ಕೂಟರ್ ಬೇಕಾಗಿರಲಿಲ್ಲ ಅವಳಿಗೆ, ಯಾವತ್ತೂ.

ಮಣಿಪಾಲದಲ್ಲಿ ಅವಳು ಕಾಯುತ್ತಿರಲಿಲ್ಲ. ಆಟೋ ನಿಲ್ದಾಣದಲ್ಲಿ ಒಬ್ಬ ಚಾಲಕರನ್ನು ಕೇಳಿದೆ.

“ಸೈಕಲಿನಲ್ಲಿ ಒಬ್ಬರು ಹೆಂಗಸು ಹೋದರಾ?”

“ಹೋದರಲ್ಲ, ಆಗಲೇ.”

“ಎಷ್ಟು ಹೊತ್ತಾಯಿತು?” ಚಾಳಿ ಬಿಡಲಿಲ್ಲ, ಕೇಳಿಯೇಬಿಟ್ಟೆ.

“ಗಂಟೆ ಯಾರು ನೋಡುತ್ತಾರೆ ಅಕ್ಕ? ನೀವು ಬರುವಾಗ ಅವರು ಹೋಗಿ ಆಗಿತ್ತು.”

ಫೋನು ಗುಂಯ್ ಎಂದಿತು. ಪರ್ಕಳದ ಏರಿನ ಹೆಂಗಸರ ಪಟ್ಟಿಯಲ್ಲಿ ನಾನು ಮೊದಲನೆಯವಳು, ಅಭಿನಂದನೆ, ಹೊಸ ಕಿರೀಟ. ಶಶಿಕಲಾಳ ಫೋನು ಚೀಲದಲ್ಲಿ ಬಂದ್ ಆಗಿತ್ತು. ಅವಳ ಓಟ ಯಾವ ಪಟ್ಟಿಯಲ್ಲೂ ಇಲ್ಲ. ಅದಕ್ಕೆ ಸಾಕ್ಷಿ ಎಂದರೆ ನಾನೊಬ್ಬಳು. ‘ಮುಗಿಸು’ ಒತ್ತಿ, ಓಟದ ಹೆಸರು ಬರೆಯುವ ಜಾಗದಲ್ಲಿ ಬರೆದೆ: ‘ನನಗಿಂತ ಮೊದಲು ಶಶಿಕಲಾ ಹತ್ತಿದಳು. ಬೆಳ್ಮಣ್ಣಿನಲ್ಲೂ ಅವಳೇ. ದೂರು ಕೊಟ್ಟವಳು ನಾನು.’ ಅತ್ತೆಗೆ, ಮೈದುನನಿಗೆ, ಕುವೈತಿಗೆ ಎಲ್ಲ ಕಡೆಗೂ ಕಾಣುವಂತೆ ಒತ್ತಿದೆ.

ನನ್ನ ಮನೆ ಎದುರಿನ ಓಣಿಯಲ್ಲೇ ಇತ್ತು. ಫೋನನ್ನು ಬಂದ್ ಮಾಡಿ, ಇಂದ್ರಾಳಿಯ ಇಳಿಜಾರಿಗೆ ಸೈಕಲ್ ಬಿಟ್ಟೆ. ಅವಳು ಬಾಗಿಲು ತೆರೆಯುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಆ ಮೂರು ಕಿಲೋಮೀಟರ್ ಯಾವ ಲೆಕ್ಕಕ್ಕೂ ಸೇರಿಲ್ಲ.