ಎಂಟು ದಿನಕ್ಕೊಮ್ಮೆ

ಅಣ್ಣನ ಕಾಯಿಲೆಗೆಂದು ನಾವು ನಾಲ್ಕು ಕ್ಯಾಲೆಂಡರ್ ಮಾಡಿದ್ದೆವು. ಎಲ್ಲವೂ ಮೊಬೈಲ್‌ನೊಳಗಿನವು. ಕೆಂಪು ಆಸ್ಪತ್ರೆಗೆ, ಹಸಿರು ಮಾತ್ರೆಗಳಿಗೆ, ನೀಲಿ ಗಾಡಿಗೆ. ಅಂದರೆ ಯಾವ ದಿನ ಯಾರು ಅವನನ್ನು ಹಟ್ಟಿಕೇರಿಯಿಂದ ಕಾರವಾರಕ್ಕೆ ಕರೆತರಬೇಕು ಎನ್ನುವುದಕ್ಕೆ. ಹಳದಿಯದನ್ನು ಅತ್ತಿಗೆಗಾಗಿ ಸೇರಿಸಿದೆವು. ಅದರಲ್ಲಿ ಅಮಾಸೆ, ಏಕಾದಶಿ, ಸಂಕಷ್ಟಿ, ಹಬ್ಬಗಳು ಇದ್ದವು.

ಇದನ್ನೆಲ್ಲ ಕೂಡಿಸಿ ಕೊಟ್ಟವಳು ಅಣ್ಣನ ಮಗಳು. ಗೋವಾದ ಮಾಪ್ಸಾದಲ್ಲಿ ಒಂದು ಕಚೇರಿಯಲ್ಲಿ ಅವಳಿಗೆ ಕೆಲಸ. ದೊಡ್ಡವರ ಮೀಟಿಂಗುಗಳು ಒಂದರ ಮೇಲೊಂದು ಬೀಳದಂತೆ ಹೊಂದಿಸುವುದೇ ಅಲ್ಲಿ ಅವಳ ದಿನಚರಿ. ನಾನು ಕಾರವಾರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನನ್ನ ಫೋನಿನಲ್ಲಿ ಅದಾಗಲೇ ಪರೀಕ್ಷೆ, ಮೌಲ್ಯಮಾಪನದ ಕ್ಯಾಲೆಂಡರ್ ಒಂದಿತ್ತು. ಅದರ ಮೇಲೆ ಇವು ನಾಲ್ಕೂ ಬಂದು ಕೂತವು.

ಹಟ್ಟಿಕೇರಿಯ ಮನೆಯ ಜಗಲಿಯಲ್ಲಿ ಅವಳು ಅಮ್ಮನ ಫೋನನ್ನೂ ನನ್ನ ಫೋನನ್ನೂ ಎದುರಿಗಿಟ್ಟುಕೊಂಡು ಕೂತಿದ್ದಳು. ಯಾರಿಗೆ ಬದಲಾಯಿಸುವ ಅಧಿಕಾರ, ಯಾರಿಗೆ ನೋಡಲು ಮಾತ್ರ ಎಂದು ಕೇಳುವ ಕಡೆ ಅತ್ತಿಗೆಗೆ 'ನೋಡಲು ಮಾತ್ರ' ಎಂದು ಒತ್ತಿದಳು. ಕೈ ತಾಗಿ ಏನಾದರೂ ಅಳಿಸಿಹೋದೀತು ಎಂದು.

"ಇಷ್ಟೆಲ್ಲ ಬಣ್ಣ ಹಚ್ಚೂದಾದ್ರೆ ಈ ಗೋಡೆಗಾದ್ರೂ ಹಚ್ಚೇ," ಎಂದಳು ಅತ್ತಿಗೆ. "ನಿನ್ನಪ್ಪ ಮೂರ್ ವರ್ಷದಿಂದ ಹಚ್ತೆ ಹಚ್ತೆ ಹೇಳ್ತಾ ಇದ್ದಾರೆ."

"ನನ್ನ ಕ್ಯಾಲೆಂಡರ್ ನನ್ ಫೋನ್‌ಗೆ ಬರೂದಿಲ್ವೇನೆ ಮಗಾ?" ಅಣ್ಣ ಕೇಳಿದ. ಅವನದು ಬಟನ್ ಫೋನು.

"ನಿಮ್ ಫೋನಿಗೆ ಕರೆ ಬಂದ್ರೇ ದೊಡ್ದು ಅಪ್ಪಾ. ನೀವು ಹೇಳಿದ್ ದಿನ ಗಾಡಿ ಹತ್ತಿದ್ರೆ ಸಾಕು."

"ಹೌದೌದು. ಕೋಣಕ್ಕೆ ಪಂಚಾಂಗ ಎಂತಕ್ಕೆ?"

ಎಲ್ಲರೂ ನಕ್ಕೆವು. ಈ ಮಾತುಗಳು ನನಗೆ ತೀರ ಸ್ಪಷ್ಟವಾಗಿ ನೆನಪಿವೆ. ಆದ್ದರಿಂದಲೇ ಅವುಗಳ ಮೇಲೆ ನನಗೆ ಅನುಮಾನ. ದಿನಚರಿ ಬರೆಯುವ ರೂಢಿ ನನಗಿದ್ದರೂ ಆ ದಿನದ ಪುಟದಲ್ಲಿ ಬಸ್ಸು ತಡವಾದದ್ದಷ್ಟೇ ಇದೆ. ಕೋಣದ ಮಾತನ್ನು ಅವನು ಅಂದೇ ಆಡಿದನೋ, ಬೇರೆ ಯಾವಾಗಲೋ ಆಡಿದ್ದನ್ನು ನಾನು ಅಲ್ಲಿಗೆ ತಂದು ಕೂಡಿಸಿದೆನೋ ಗೊತ್ತಿಲ್ಲ. ಮುಂದೆ ನಡೆದದ್ದು ತಿಳಿದಿರುವಾಗ ಹಿಂದಿನ ಮಾತುಗಳು ತಾವಾಗಿಯೇ ಚೂಪಾಗುತ್ತವೆ. ತರಗತಿಯಲ್ಲಿ ಇದನ್ನೇ ನಾನು ಮಕ್ಕಳಿಗೆ ಎಚ್ಚರಿಕೆಯೆಂದು ಹೇಳುತ್ತೇನೆ.

ಅಣ್ಣನ ಹೊಟ್ಟೆಯಲ್ಲಿ ಗಡ್ಡೆಯಿತ್ತು. ಆಪರೇಷನ್ ಮಾಡುವ ಹಂತ ದಾಟಿತ್ತು. ಇಂಜೆಕ್ಷನ್ ತಪ್ಪದೆ ಕೊಡುತ್ತ ಹೋದರೆ ಗಡ್ಡೆ ಕುಗ್ಗಬಹುದು, ಒಂದೆರಡು ವರ್ಷ ಸಿಗಬಹುದು ಎಂದಿದ್ದರು. 'ಬಹುದು' ಎಂಬುದನ್ನು ನಾವು ಯಾರೂ ಗಟ್ಟಿಯಾಗಿ ಹೇಳಿಕೊಳ್ಳಲಿಲ್ಲ. ಮೊದಲ ಇಂಜೆಕ್ಷನ್ ಒಂದು ಬುಧವಾರ ಕಾರವಾರದಲ್ಲಿ ಆಯಿತು. ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿ ಹನಿಸುವಂಥದ್ದು. ಮುಗಿಯುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಮಗಳು ರಜೆ ಹಾಕಿ ಬಂದಿದ್ದಳು. ಹೊರಡುವಾಗ ಡಾಕ್ಟರು, "ಎಂಟು ದಿನಕ್ಕೊಮ್ಮೆ ಬರಬೇಕು, ತಪ್ಪಿಸಬಾರದು," ಎಂದರು. ಅವಳು ಅಲ್ಲಿಯೇ ನಿಂತು ಕೆಂಪು ಕ್ಯಾಲೆಂಡರಿನಲ್ಲಿ ಅದನ್ನು ಹಾಕಿದಳು. ಎಷ್ಟು ದಿನಕ್ಕೊಮ್ಮೆ ಮರುಕಳಿಸಬೇಕು ಎಂದು ಫೋನು ಕೇಳಿತು. ಎಂಟು ಎಂದು ಒತ್ತಿದಳು. ಎಂದು ಮುಗಿಯಬೇಕು ಎಂದೂ ಕೇಳಿತು. 'ಎಂದಿಗೂ ಇಲ್ಲ' ಎಂಬುದು ಅಲ್ಲಿ ಮೊದಲೇ ಇತ್ತು. ಅದನ್ನು ಹಾಗೇ ಬಿಟ್ಟಳು. ಫೈಲಿನಲ್ಲಿ ಡಾಕ್ಟರು ಏನು ಗೀಚಿದ್ದರೆಂದು ನಾವು ಯಾರೂ ನೋಡಲಿಲ್ಲ.

ಆ ಇಂಜೆಕ್ಷನ್ ಅವನನ್ನು ನೆಲಕ್ಕೆ ಒರಗಿಸಿಬಿಟ್ಟಿತು. ನೀರು ಕುಡಿದರೂ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದೆ ಎನ್ನುತ್ತಿದ್ದ. ಗಂಜಿಯ ವಾಸನೆಗೇ ಮುಖ ತಿರುವುತ್ತಿದ್ದ. ಅತ್ತಿಗೆ ಒಲೆಯ ಮುಂದೆ ಮೀನು ಹುರಿಯುವುದನ್ನೇ ನಿಲ್ಲಿಸಿದಳು. ಹಸಿರು ಕ್ಯಾಲೆಂಡರ್ ಹೊತ್ತು ಹೊತ್ತಿಗೆ ಕೂಗುತ್ತಿತ್ತು. ಕಾರವಾರದಲ್ಲಿ ಪಾಠದ ಮಧ್ಯೆ ನನ್ನ ಫೋನು ಮೇಜಿನ ಮೇಲೆ ಗುರುಗುಟ್ಟಿದಾಗ, ಹಟ್ಟಿಕೇರಿಯಲ್ಲಿ ಅವನು ಈಗ ವಾಂತಿಯ ಮಾತ್ರೆ ನುಂಗುತ್ತಿದ್ದಾನೆ ಎಂದು ನನಗೆ ತಿಳಿಯುತ್ತಿತ್ತು. ನುಂಗಿದನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆದರೂ ನನಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನ ಎಂಥದ್ದು ಎಂದು ಈಗ ಕೇಳಿಕೊಳ್ಳುತ್ತೇನೆ.

ಮುಂದಿನ ವಾರ, ಕೆಂಪು ಬಣ್ಣ ತೋರಿಸಿದ ಗುರುವಾರ, ನೆರೆಮನೆಯವರ ವ್ಯಾನಿನಲ್ಲಿ ಅಣ್ಣನೂ ಅತ್ತಿಗೆಯೂ ಬಂದರು. ನಾನು ಕಾಲೇಜಿಗೆ ರಜೆ ಹಾಕಿ ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದೆ. ನರ್ಸ್ ಫೈಲು ತೆರೆದು ನೋಡಿದಳು. ಕೊಂಕಣಿ ಮನೆಮಾತಿನ ಹೆಂಗಸು.

"ಕಿತೆಂ ಗೋ ಬಾಯಿ, ಏನಮ್ಮಾ ಇದು, ನಿನ್ನೆ ಅಲ್ವಾ ನೀವು ಬರ್ಬೇಕಿದ್ದದ್ದು?"

"ಎಂಟು ದಿನ ಅಂದಿದ್ರಲ್ಲ," ಎಂದೆ.

"ಅದೇ, ಎಂಟು ದಿನ. ಬುಧವಾರದಿಂದ ಬುಧವಾರ. ಗುರುವಾರ ಎಲ್ಲಿಂದ ತಂದ್ರಿ? ಡಾಕ್ಟ್ರು ಬೇರೆ ಊರಿಂದ ಬರೂದು, ಬುಧವಾರ ಮಾತ್ರ. ಇನ್ ಬರೂ ವಾರವೇ."

ನಾನು ಗೋಡೆಗೆ ಒರಗಿ ಬೆರಳು ಮಡಚಿ ಎಣಿಸಿದೆ. ನಮ್ಮ ಲೆಕ್ಕವೇ ಹಾಗೆ. ಶುರುವಿನ ದಿನವನ್ನೂ ಸೇರಿಸಿ ಎಣಿಸುತ್ತೇವೆ. ಈ ಬುಧವಾರ ಒಂದು, ಬರುವ ಬುಧವಾರ ಎಂಟು. ಎಂಟು ದಿನ ಎಂದರೆ ವಾರ, ಹದಿನೈದು ದಿನ ಎಂದರೆ ಎರಡು ವಾರ. ಕಾರವಾರದ ಕೊಂಕಣಿಯಲ್ಲೂ ಹಾಗೇ, ಅಂಕೋಲೆಯ ಕನ್ನಡದಲ್ಲೂ ಹಾಗೇ. ಫೋನು ಶುರುವಿನ ದಿನವನ್ನು ಎಣಿಸುವುದಿಲ್ಲ. ಮಗಳಿಗೂ ಇದು ಗೊತ್ತಿಲ್ಲದ್ದಲ್ಲ. "ಊರಿಗೆ ಹೋಗಿ ಎಂಟು ದಿನ ಆಯ್ತು ಅತ್ತೆ" ಎಂದು ಎಷ್ಟು ಸಲ ಹೇಳಿಲ್ಲ ಅವಳು. ಬಾಯಿ ಆಡುವ ಎಂಟು ಬೇರೆ, ಬೆರಳು ಒತ್ತುವ ಎಂಟು ಬೇರೆ.

ಅಲ್ಲಿಂದಲೇ ಅವಳಿಗೆ ಫೋನ್ ಮಾಡಿದೆ. "ನಾನೇ ಅತ್ತೆ, ನಾನೇ ಎಂಟು ಹೊಡೆದದ್ದು," ಎಂದಳು.

ಹಿಂದಿರುಗುವಾಗ ನಾನೂ ವ್ಯಾನು ಹತ್ತಿದೆ. ಅಣ್ಣ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದ. ಅತ್ತಿಗೆಯ ತವರು ಚೆಂಡಿಯಾ. ನೌಕಾನೆಲೆಗೆ ಜಾಗ ಹೋಗಿ ಅವಳ ಮನೆಯವರು ಪರಿಹಾರಕ್ಕೆಂದು ವರ್ಷಗಟ್ಟಲೆ ಕಚೇರಿ ಅಲೆದು ಪುನರ್ವಸತಿ ಕಾಲನಿ ಸೇರಿದ್ದಾರೆ. ದಾರಿಯಲ್ಲಿ ನೌಕಾನೆಲೆಯ ಗೋಡೆ ಬರುವಾಗ ಅವಳು ಯಾವಾಗಲೂ ಗುಡ್ಡದ ಬದಿಗೆ ಮುಖ ಮಾಡುತ್ತಾಳೆ. ಆ ದಿನವೂ ಹಾಗೇ ಮಾಡಿ, "ತಾರೀಕು ಕೊಡೂದು, ಹೋದ್ರೆ ಇವತ್ತಲ್ಲ ಹೇಳೂದು. ನಮ್ಗೆ ಇದೇನ್ ಹೊಸ್ತಲ್ಲ ಬಿಡು," ಎಂದಳು. ಮಗಳ ಹೆಸರು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮಗಳು ಅದೇ ಸಂಜೆ ಕೆಂಪು ಕ್ಯಾಲೆಂಡರನ್ನು ತಿದ್ದಿದಳು. ಪ್ರತಿ ವಾರ, ಬುಧವಾರ. ನಮ್ಮ ಫೋನುಗಳಲ್ಲಿ ಮುಂದಿನ ಬುಧವಾರಗಳೆಲ್ಲ ಒಮ್ಮೆಲೇ ಕೆಂಪಾದವು. ಕಳೆದುಹೋದ ಆ ಗುರುವಾರ ಮಾತ್ರ ಹಾಗೇ ಕೆಂಪಾಗಿ ಉಳಿಯಿತು. ಶನಿವಾರ ಅವಳು ಅಪ್ಪನ ಬಟನ್ ಫೋನಿಗೆ ಕರೆ ಮಾಡಿ ಅತ್ತಳಂತೆ. ಇದನ್ನು ನನಗೆ ಹೇಳಿದವಳು ಅತ್ತಿಗೆ.

ಭಾನುವಾರ ನಾನು ಹೋದಾಗ ಅಣ್ಣ ಶೇಂಗಾ ಗದ್ದೆಯ ಬದುವಿನ ಮೇಲೆ ಕೂತಿದ್ದ. ಕಳೆ ಕೀಳಲು ಹೋದವನು ಬಗ್ಗಲಾರದೆ ಕೂತುಬಿಟ್ಟಿದ್ದ. ನಾನೂ ಪಕ್ಕದಲ್ಲಿ ಕೂತೆ.

"ತಂಗೀ, ನಂಗೆ ಗೊತ್ತಿತ್ತು," ಎಂದ.

"ಎಂತದು?"

"ಬುಧವಾರ ಅಂತ. ಎಂಟ್ ದಿನ ಅಂದ್ರೆ ಬುಧವಾರ ಅಲ್ದೆ ಮತ್ತೆಂತ? ನಾ ಏನ್ ಫೋನ್ ನೋಡಿ ದಿನ ಎಣಿಸ್ತ್ನೇನೆ?"

"ಮತ್ತೆ ಹೇಳ್ಲಿಲ್ಲ ಎಂತಕ್ಕೆ?"

ಅವನು ಒಂದು ಕಳೆ ಕಿತ್ತು ಬೇರಿನ ಮಣ್ಣು ಕೊಡವಿದ. "ಆ ದಿನ ಬೆಳಿಗ್ಗೆ ಎದ್ದೆ. ಬಾಯಿ ಸಮಾ ಆಗಿತ್ತು. ಹೊಳೇಲಿ ಹೆಕ್ಕಿದ ಬಳಚು ಮಾರೋಳು ಬಂದಿದ್ಲು. ತಕ್ಕೋ ಅಂದೆ. ನಿಮ್ಮತ್ತಿಗೆ ಸುಕ್ಕಾ ಮಾಡಿದ್ಲು. ಚಿಪ್ಪು ಚಿಪ್ಪು ಚೀಪಿ ಎರಡ್ ಸಲ ಅನ್ನ ಹಾಕಿಸ್ಕೊಂಡೆ. ಆ ದಿನ ಹೋಗಿ ಮತ್ತೆ ಅದನ್ನ ಮೈಗೆ ಹಾಕ್ಸ್ಕೊಳ್ಳೂಕೆ ಮನಸ್ಸ್ ಬರ್ಲಿಲ್ಲ. ಒಂದ್ ದಿನ ಸಿಕ್ತು, ಸುಮ್ನಿದ್ದೆ. ಡಾಕ್ಟ್ರು ಗುರುವಾರ ಇರೂದಿಲ್ಲ ಅಂತ ನಂಗೇನ್ ಗೊತ್ತಿತ್ತು?"

"ಬರೂ ಬುಧವಾರ ಹೋಗ್ವಾ, ಅಲ್ದಾ?"

"ನೋಡ್ವಾ."

ಕಿತ್ತ ಕಳೆಯನ್ನು ಬದುವಿನಾಚೆ ಎಸೆದು, "ಮಗಳಿಗೆ ನೀನೇ ಹೇಳು. ನಾ ಹೇಳಿದ್ರೆ ನಂಬೂದಿಲ್ಲ," ಎಂದ.

ನಾನು ಹೇಳಲಿಲ್ಲ. ಹೇಳಿದರೆ ಅವನಿಗೆ ಚಿಕಿತ್ಸೆ ಬೇಡವಾಗಿದೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಬುಧವಾರ ಆಗಿಬಿಡಲಿ, ಆಮೇಲೆ ನಗುತ್ತ ಹೇಳಿದರಾಯಿತು ಎಂದುಕೊಂಡೆ.

ಬುಧವಾರ ಬೆಳಿಗ್ಗೆ ನಾನು ಮೊದಲ ಬಸ್ಸಿಗೇ ಹಟ್ಟಿಕೇರಿಗೆ ಹೋದೆ. ವ್ಯಾನು ಅಂಗಳದಲ್ಲಿತ್ತು. ಅತ್ತಿಗೆ ಸೀರೆ ಬದಲಿಸಿ ಫೈಲು ಹಿಡಿದು ನಿಂತಿದ್ದಳು. ಅಣ್ಣ ಚಾಪೆಯಿಂದ ಏಳಲಿಲ್ಲ. ಅತ್ತಿಗೆಯ ಫೋನೂ ನನ್ನದೂ ಒಟ್ಟಿಗೆ ಕೂಗಿದವು. ಮಾಪ್ಸಾದಲ್ಲಿ ಮಗಳದೂ ಕೂಗಿರಬೇಕು.

"ಏಳಿ," ಎಂದಳು ಅತ್ತಿಗೆ. "ವ್ಯಾನಿನವ್ರು ಕಾಯ್ತಾ ಇದ್ದಾರೆ."

"ಅವ್ರಿಗೆ ಚಾ ಕೊಟ್ಟು ಕಳಿಸು."

"ಹುಡುಗಾಟ ಆಯ್ತೇನು ನಿಮ್ಗೆ?"

"ಒಂದ್ ಸಲ ಹೋದಾಗ ಬೇಡ ಅಂದು ಕಳಿಸಿದ್ರಲ್ಲ. ಇನ್ನೊಂದ್ ಸಲ ನಾ ಬೇಡ ಅಂದೆ, ಅಷ್ಟೇ."

ನಾನು ಬೇಡಿಕೊಂಡೆ, ಸಿಟ್ಟು ಮಾಡಿದೆ, ಓದಿದವಳ ಭಾಷೆಯಲ್ಲಿ ಏನೇನೋ ವಿವರಿಸಿದೆ. ಮಗಳು ಫೋನಿನಲ್ಲಿ ಅತ್ತಳು. ಅವನು ಗೋಡೆಗೆ ತಿರುಗಿ ಮಲಗಿದ. ಅದರ ಮುಂದಿನ ಬುಧವಾರವೂ ಅಷ್ಟೇ. ಆಮೇಲೆ ವ್ಯಾನಿನವರಿಗೆ ಬರಹೇಳುವುದನ್ನೇ ಬಿಟ್ಟೆವು. ಶೇಂಗಾ ಕೀಳುವ ಹೊತ್ತಿಗೆ ಅವನಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ಮಳೆ ಶುರುವಾಗುವ ಮೊದಲೇ ಹೋದ. ಕೊನೆಯ ವಾರಗಳನ್ನು ಬರೆಯುವ ಶಕ್ತಿ ನನಗಿಲ್ಲ. ಅವು ದಿನಚರಿಯಲ್ಲೂ ಇಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಮಗಳು ಮತ್ತೆ ಮಾಪ್ಸಾಕ್ಕೆ ಹೊರಡುವ ಹಿಂದಿನ ದಿನ ಬುಧವಾರವಾಗಿತ್ತು. ಆಸ್ಪತ್ರೆ ಎಂದು ಎಲ್ಲರ ಫೋನೂ ಕೂಗಿತು. ಅತ್ತಿಗೆ ತನ್ನದನ್ನು ಸೆರಗಿನಲ್ಲಿ ಸುತ್ತಿ ಒಳಗೆ ಹೋದಳು. ಮಗಳು ನನ್ನ ಪಕ್ಕದಲ್ಲಿ ಕೂತಿದ್ದಳು.

"ಅತ್ತೆ, ನಾನು ಸರಿ ಹಾಕಿದ್ದಿದ್ರೆ ಅಪ್ಪ ಆ ಬುಧವಾರ ಹೋಗ್ತಿದ್ರು. ಒಂದ್ಸಲ ಅಭ್ಯಾಸ ಆಗಿದ್ರೆ ಮುಂದೂ ಹೋಗ್ತಿದ್ರು."

ಆಗ ಹೇಳಿದೆ. ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದ ಎಂದು ಬದುವಿನ ಮೇಲೆ ಕೂತು ಅವನು ಆಡಿದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಯಾವಾಗ ಹೇಳಿದ್ರು?"

"ಆ ಭಾನುವಾರ."

"ಅಂದ್ರೆ ನಾ ಫೋನ್ ಮಾಡಿ ಅತ್ತ ಮೇಲೆ."

ಆ ದಿನವೇ ನನಗೂ ಹೊಳೆದಿದ್ದ ಪ್ರಶ್ನೆ ಅದು. ಬುಧವಾರ ಅವನು ಬಳಚು ತಿಂದದ್ದು ನಿಜ, ಅದನ್ನು ಅತ್ತಿಗೆಯೂ ಹೇಳಿದ್ದಾಳೆ. ಆದರೆ ಬುಧವಾರವೆಂದು ತಿಳಿದು ತಿಂದನೋ, ತಿಂದದ್ದನ್ನು ಆಮೇಲೆ ಮಗಳ ಅಳು ಕೇಳಿ ಕಾರಣವನ್ನಾಗಿ ಮಾಡಿಕೊಂಡನೋ, ಯಾರನ್ನು ಕೇಳಲಿ?

ಅವಳು ಕೆಂಪು ಬಣ್ಣದ ಮೇಲೆ ಬೆರಳಿಟ್ಟಳು. ಇದೊಂದನ್ನು ಅಳಿಸಬೇಕೋ, ಇದನ್ನೂ ಮುಂದಿನವನ್ನೂ ಅಳಿಸಬೇಕೋ, ಎಲ್ಲವನ್ನೂ ಅಳಿಸಬೇಕೋ ಎಂದು ಫೋನು ಕೇಳಿತು.

"ಎಲ್ಲ ತೆಗೆದುಬಿಡೇ," ಎಂದೆ.

"ಬೇಡ ಅತ್ತೆ. ಮುಂದಿಂದು ಹೋಗ್ಲಿ. ಆ ಗುರುವಾರ ಅಲ್ಲೇ ಇರ್ಲಿ. ಅದನ್ನ ತೆಗೆದ್ರೆ, ಇನ್ನೆರಡು ವರ್ಷ ಹೋದ್ರೆ, ಅಪ್ಪಂಗೆ ಗೊತ್ತಿತ್ತು ಅಂತ ನೀವು ಹೇಳಿದ್ದನ್ನೇ ನಾ ನಂಬಿಬಿಡ್ತೆ."