ನಮ್ಮವರ ಬಂಪರಿಗೆ ನಾನೇ ತೂಕ

ನನ್ನ ಗಂಡ ಮೌನಪ್ಪ ಮಾಡಿದ ಮೊದಲ ಬಂಪರು ಒಂದು ವಾರಕ್ಕೆ ವಾಪಸು ಬಂತು. ಜೀಪಿನ ಹಿಂದೆ ಬರಲಿಲ್ಲ. ಜೀಪಿನ ಒಳಗೆ, ಸೀಟಿನ ಮೇಲೆ ಮಲಗಿಕೊಂಡು ಬಂತು.

ಅವರು ದೇವದುರ್ಗದ ಕಡೆಯಿಂದ ಹೈದರಾಬಾದಿಗೆ ಕಾಂಕ್ರೀಟು ಹೊರಲು ಬಂದವರು. ಮೊದಲು ಕಂಬಿ ಕಟ್ಟುವುದು ಕಲಿತರು. ಆಮೇಲೆ ವೆಲ್ಡಿಂಗು ಕಲಿತು ಬಾಲಾನಗರದ ಗಲ್ಲಿಯೊಂದರಲ್ಲಿ ತಗಡಿನ ಶೆಡ್ಡು ಹಾಕಿದರು. ಶೆಡ್ಡಿನ ಹಿಂದೆಯೇ ನಮ್ಮ ಮನೆ. ಕಿಟಕಿ, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡುತ್ತಿದ್ದರು. ಏನು ಮಾಡಿದರೂ ಭಾರ. ನಮ್ಮ ಮನೆಯ ಮಂಚ ಅವರೇ ಮಾಡಿದ್ದು. ಇಟ್ಟ ದಿನದಿಂದ ಇವತ್ತಿನ ತನಕ ಅದನ್ನು ಸರಿಸಿ ಕಸ ಹೊಡೆದಿಲ್ಲ.

ಆಮೇಲೆ ಮಾಧಾಪುರದಲ್ಲಿ ಗಾಜಿನ ಕಟ್ಟಡಗಳು ಎದ್ದವು. ಅಲ್ಲಿ ಕಂಪ್ಯೂಟರ್ ಕೆಲಸ ಮಾಡುವವರ ಕೈಯಲ್ಲಿ ದುಡ್ಡು ಆಡಿತು. ಕೆಲವರು ಮಿಲಿಟರಿಯವರು ಮಾರಿದ ಹಳೇ ಜೀಪು ಕೊಂಡರು. ಶನಿವಾರ, ಭಾನುವಾರ ಅದನ್ನು ಗುಡ್ಡ ಹತ್ತಿಸುವುದು, ಕೆಸರಲ್ಲಿ ಸಿಕ್ಕಿಸುವುದು, ಹಗ್ಗ ಕಟ್ಟಿ ಹೊರಗೆ ಎಳೆಯುವುದು. ಇದೇ ಅವರ ಆಟ.

"ನಾವು ಗುಡ್ಡ ಸಾಕಪ್ಪಾ ಅಂತ ಇಲ್ಲಿಗೆ ಬಂದ್ವಿ. ಇವ್ರು ರೊಕ್ಕ ಕೊಟ್ಟು ಗುಡ್ಡಕ್ಕ ಹೊಂಟಾರ," ಅನ್ನುತ್ತಿದ್ದರು ನಮ್ಮವರು.

ಹಗ್ಗ ಕಟ್ಟಲು ಜೀಪಿನ ಹಿಂದೆ ಗಟ್ಟಿ ಬಂಪರು ಬೇಕಲ್ಲ. ಜೀಪಿನ ಜೊತೆ ಬಂದದ್ದು ಸಾಲದು. ಅದಕ್ಕೇ ನಮ್ಮವರ ಹತ್ತಿರ ಬಂದರು. ಮೊದಲನೆಯದಕ್ಕೆ ಹಗ್ಗ ಕಟ್ಟಿ ಎಳೆದಾಗ ಬಂಪರು ಬಂತು. ಜೀಪು ಕೆಸರಲ್ಲೇ ಉಳಿಯಿತು.

ನಮ್ಮವರು ಎರಡು ದಿನ ಉಣ್ಣಲಿಲ್ಲ. ಮೂರನೇ ದಿನ ಹೊಸದು ಮಾಡಿ, ಜೀಪಿನ ಅಡಿಯ ಉಕ್ಕಿನ ಚಾಸಿಗೆ ಬೋಲ್ಟು ಹಾಕಿ ಬಿಗಿದರು. ಬಿಗಿದು ಅಡಿಗೆಮನೆಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೆಂಡತಿಯನ್ನು ನೋಡುವ ಹಾಗೆ ಇರಲಿಲ್ಲ ಆ ನೋಟ.

"ಬಾ ಇಲ್ಲೆ. ಬಂಪರ್ ಮ್ಯಾಲೆ ಕುಂದ್ರು."

"ರೊಟ್ಟಿ ಸೀದು ಹೋಗ್ತಾವ್ರೀ."

"ಹೋಗಲಿ. ಕುಂದ್ರು."

ನಾನು ದಪ್ಪ. ಮುಚ್ಚಿಡುವುದೇನಿಲ್ಲ. ಹೋಗಿ ಕೂತೆ. ಗಲ್ಲಿಯ ಕೊನೆಗೆ ಒಂದು ಹಂಪ್ ಇದೆ. ಅದರ ಮೇಲೆ ಜೋರಾಗಿ ಹಾರಿಸು ಅಂತ ಜೀಪಿನವನಿಗೆ ಹೇಳಿದರು. ಹಾರಿಸಿದ. ನಾನು ಒಂದು ಗೇಣು ಮೇಲೆ ಹೋಗಿ ಕೆಳಗೆ ಬಂದೆ. ನಮ್ಮವರು ಹಿಂದೆಯೇ ಓಡಿ ಬಂದರು. ನನಗಾಗಿ ಬಂದರು ಅಂದುಕೊಂಡೆ. ಬಗ್ಗಿ ಬೆಸುಗೆ ನೋಡಿದರು.

"ಕಲ್ಲು ಇಡ್ರಿ, ಉಸುಕಿನ ಚೀಲ ಇಡ್ರಿ. ನಾನೇ ಯಾಕ ಬೇಕು?" ಅಂದೆ.

"ಕಲ್ಲು ಮಾತಾಡಂಗಿಲ್ಲ. ನೀ ಎಲ್ಲಿ ಅಲಗಾಡತೈತಿ ಅಂತ ಒದರತಿ."

ಅದು ಖರೇ. ಕೂತವಳಿಗೆ ತಿಳಿಯುತ್ತದೆ. ಒಂದು ಬೋಲ್ಟು ಕೂದಲಷ್ಟು ಸಡಿಲವಿದ್ದರೂ ಸೊಂಟ ಹೇಳುತ್ತದೆ. ಏಳು ವರ್ಷದಲ್ಲಿ ನಲವತ್ತು ಬಂಪರಿನ ಮೇಲೆ ಕೂತೆ. ಮೂರನ್ನು ಫೇಲು ಮಾಡಿದೆ. ನಾಲ್ಕನೇ ಇಯತ್ತೆಯಲ್ಲಿ ನನ್ನನ್ನು ಫೇಲು ಮಾಡಿದ ಮಾಸ್ತರರು ನೋಡಬೇಕಿತ್ತು.

ಆರು ತಿಂಗಳಿಗೊಮ್ಮೆ ನಮ್ಮವರು ನನ್ನನ್ನು ಪಕ್ಕದ ಗಿರಿಜಾಬಾಯಿಯ ಗುಜರಿ ಅಂಗಡಿಗೆ ಕರೆದೊಯ್ದು ಕಾಟಾದ ಮೇಲೆ ನಿಲ್ಲಿಸುತ್ತಿದ್ದರು. ನನ್ನ ತೂಕವನ್ನು ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಗಿರಾಕಿಗಳಿಗೆ ತೋರಿಸುತ್ತಿದ್ದರು. ನಾನು ಒರೆಸುತ್ತಿದ್ದೆ, ಅವರು ಮತ್ತೆ ಬರೆಯುತ್ತಿದ್ದರು. ಒಂದು ದಿನ ಸಿಟ್ಟು ಬಂದು ವೆಲ್ಡಿಂಗಿನಲ್ಲೇ ಬರೆದರು. ಎಂಬತ್ತಾರು. ಅದನ್ನು ಒರೆಸಲು ಆಗಲಿಲ್ಲ. ಅವತ್ತಿನಿಂದ ಆ ತೂಕ ಇಳಿಯದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸವಾಯಿತು. ಶ್ರಾವಣ ಸೋಮವಾರದ ಉಪವಾಸವನ್ನೂ ಬಿಡಿಸಿದರು. ಯಾಕೆ ಅಂತ ಕೇಳಿದರೆ, "ಮಂಗಳವಾರ ಗಾಡಿ ಐತಿ" ಅಂದರು.

ಪೆಟ್ಟಾಯಿತೇ ಅಂತ ಮಾತ್ರ ಒಂದು ದಿನವೂ ಕೇಳಲಿಲ್ಲ.

ಹೋದ ದಸರೆಗೆ ಮುಂಚೆ ಒಂದು ಬೆಳಿಗ್ಗೆ ರವಿಕಿರಣನ ಬಂಪರಿಗೆ ಬೆಸುಗೆ ಹಾಕುತ್ತಿದ್ದರು. ರವಿಕಿರಣ ಕಂಪ್ಯೂಟರ್ ಕೆಲಸದವನು. ಅವನ ಅಪ್ಪ ಹಾಸನದ ಕಡೆಯವರು, ಇಲ್ಲಿ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಕೊನೆಗೆ ಬಲಗಡೆಯ ಬೆಸುಗೆ ಮುಗಿಸಿ ನಮ್ಮವರು ಎದೆ ಹಿಡಿದುಕೊಂಡು ಕೂತರು. "ಮಷೀನ್ ಬಂದ್ ಮಾಡು" ಅಂದರು. ನನ್ನ ಜೊತೆ ಆಡಿದ ಕೊನೇ ಮಾತು ಅದು. ಮೂರನೇ ದಿನ ಆಸ್ಪತ್ರೆಯಲ್ಲಿ ಹೋದರು.

ರವಿಕಿರಣ ಎರಡು ತಿಂಗಳು ಬಂಪರಿನ ಮಾತು ಎತ್ತಲಿಲ್ಲ. ಆಮೇಲೆ ಜೀಪು ತಂದು ನಿಲ್ಲಿಸಿದ. ನನ್ನ ತಮ್ಮ ಹುಲಗೇಶ ಮೊದಲಿನಿಂದಲೂ ನಮ್ಮವರ ಕೈಕೆಳಗೆ ದುಡಿದವನು. ಅವನೇ ಜಾಕಿ ಕೊಟ್ಟು ಬಂಪರು ಎತ್ತಿ ಬೋಲ್ಟು ಬಿಗಿದ. ಬಿಗಿದವನು ಬಲಗಡೆ ಬಗ್ಗಿ ನೋಡಿ ತಲೆ ಕೆರೆದುಕೊಂಡ.

"ಅಕ್ಕಾ, ಮಾವಂದು ಈ ಜಾಯಿಂಟ್ ಸೊಟ್ಟ ಹೋಗೈತಿ. ಕೈ ನಡುಗ್ಯಾವ. ಗ್ರೈಂಡರ್ ಹಚ್ಚಿ ತಗದು ನಾ ಹೊಸಾದು ಹಾಕ್ತೀನಿ."

"ಮುಟ್ಟಬ್ಯಾಡ," ಅಂದೆ.

ಅವರ ಕೈ ಮಾಡಿದ ಕೊನೇ ಕೆಲಸ ಅದು. ಅದನ್ನು ಪುಡಿ ಮಾಡಿ ಕಸಬರಿಗೆಯಲ್ಲಿ ಗುಡಿಸಲು ನನ್ನಿಂದ ಆಗದು.

"ಆಂಟಿ, ಅಂಕಲ್ ಕೆಲಸದ ಮೇಲೆ ನಂಗೆ ನಂಬಿಕೆ ಇದೆ," ಅಂದ ರವಿಕಿರಣ. "ಆದ್ರೆ ಎಳೆಯೋವಾಗ ಕಿತ್ಕೊಂಡ್ರೆ ಹಿಂದೆ ನಿಂತಿರೋನ ತಲೆಗೆ ಬಡಿಯುತ್ತೆ."

ಅದೂ ಖರೇ. ನಮ್ಮವರ ಹೆಸರಲ್ಲಿ ಯಾರದೋ ತಲೆ ಹೋಗಬಾರದು.

"ಹಂಗಾರ ನಾ ಕುಂದರ್ತೀನಿ. ಅಲಗಾಡಿದ್ರ ನಾನೇ ಹೇಳ್ತೀನಿ. ಆಮ್ಯಾಲೆ ಗ್ರೈಂಡರ್ ಹಚ್ಚು."

ಹುಲಗೇಶ ನನ್ನನ್ನು ನೋಡಿದ. ಬಾಗಿಲ ಮೇಲಿನ ಎಂಬತ್ತಾರು ನೋಡಿದ. "ಅಕ್ಕಾ, ನೀ ಮೊದಲಿನ ಬಂಡೆಮ್ಮ ಅಲ್ಲ. ಅರ್ಧಾ ಆಗೀದಿ. ಇದು ನಡಿಯಂಗಿಲ್ಲ."

ಗಿರಿಜಾಬಾಯಿಯ ಕಾಟಾದ ಮೇಲೆ ಹೋಗಿ ನಿಂತೆ. ಎಪ್ಪತ್ತೊಂದು ತೋರಿಸಿತು.

"ಅಯ್ಯ ನನ್ನವ್ವಾ, ಹದಿನೈದು ಕಿಲೋ ಎಲ್ಲಿ ಮಾರಿ ಬಂದಿ? ನನ್ನ ಅಂಗಡಿ ಇರಲಿಲ್ಲೇನು?" ಅಂದಳು ಗಿರಿಜಾಬಾಯಿ.

"ಉಣ್ಣಾಕ ಮನಸಿಲ್ಲ," ಅಂದೆ.

ಅವಳು ನಗು ನಿಲ್ಲಿಸಿದಳು. ಹುಲಗೇಶ ಹೋಗಿ ನಮ್ಮವರ ಸಾಮಾನಿನ ಪೆಟ್ಟಿಗೆ ಹೊತ್ತು ತಂದ. ಸುತ್ತಿಗೆ, ಪಾನಾ, ಇಕ್ಕಳ, ಎಲ್ಲ ಸೇರಿ ಹದಿಮೂರು ಕಿಲೋ. ಇನ್ನೂ ಎರಡು ಕಡಿಮೆ. ಗಿರಿಜಾಬಾಯಿ ಗಲ್ಲಾದ ಕೆಳಗೆ ಕೈ ಹಾಕಿ ಎರಡು ಕಿಲೋದ ತೂಕದ ಕಲ್ಲು ತೆಗೆದು ಪೆಟ್ಟಿಗೆಯೊಳಗೆ ಇಟ್ಟಳು.

"ಇದು ಖರೇ ಎರಡು ಕಿಲೋ. ಗಿರಾಕಿಗೆ ಬ್ಯಾರೆ ಐತಿ. ಮರೀದಂಗ ವಾಪಸ್ ಕೊಡು."

ಬಂಪರಿನ ಮೇಲೆ ಕೂತೆ. ತೊಡೆಯ ಮೇಲೆ ಪೆಟ್ಟಿಗೆ. ಒಂದು ಕೈಯಲ್ಲಿ ಅದನ್ನು ಅವುಚಿಕೊಂಡು ಇನ್ನೊಂದರಲ್ಲಿ ಜೀಪಿನ ಹಿಂದಿನ ಸ್ಟೆಪ್ನಿ ಚಕ್ರ ಹಿಡಿದೆ. ರವಿಕಿರಣ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವವನ ಹಾಗೆ ನಿಧಾನ ಹೊರಟು ನಿಧಾನವೇ ಹಂಪ್ ದಾಟಿಸಿದ.

"ಏನಪಾ, ಹೆಣ ಒಯ್ಯಾಕತ್ತೀಯೇನು? ಜೋರ್ ಹೊಡಿ!"

ತಿರುಗಿಸಿಕೊಂಡು ಬಂದು ಜೋರಾಗಿ ಹಾರಿಸಿದ. ಟಣ್ ಅಂತು.

ಜೀಪು ನಿಂತಿತು. ರವಿಕಿರಣನ ಮುಖ ಸಣ್ಣದಾಯಿತು. ಹುಲಗೇಶ ಶೆಡ್ಡಿಗೆ ಹೋಗಿ ಗ್ರೈಂಡರು ಕೈಗೆ ತೆಗೆದುಕೊಂಡ. ಆದರೆ ನನ್ನ ಸೊಂಟ ಏನೂ ಹೇಳಿರಲಿಲ್ಲ. ನಲವತ್ತು ಬಂಪರಿನಲ್ಲಿ ಅದು ಒಮ್ಮೆಯೂ ಸುಳ್ಳು ಹೇಳಿಲ್ಲ. ಪೆಟ್ಟಿಗೆ ತೆರೆದೆ. ಗಿರಿಜಾಬಾಯಿಯ ಕಲ್ಲು ಹಾರಿ ಸುತ್ತಿಗೆಯ ಮೇಲೆ ಬಿದ್ದಿತ್ತು.

"ಗ್ರೈಂಡರ್ ಕೆಳಗಿಡೋ ಹುಲಗ್ಯಾ! ಸಪ್ಪಳ ಪೆಟಿಗ್ಯಾಗಿಂದು."

"ನೀ ಸುಮ್ನ ಹಂಗ ಅಂತಿ."

"ಹಂಗಾರ ಇನ್ನೊಮ್ಮೆ."

ಕಲ್ಲನ್ನು ಸೆರಗಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದೆ. ಸುತ್ತಿಗೆ, ಪಾನಾಗಳನ್ನು ಚಿಂದಿ ಬಟ್ಟೆಯಲ್ಲಿ ಸುತ್ತಿದೆ. ಈ ಸಲ ರವಿಕಿರಣ ಗಲ್ಲಿಯ ಆ ತುದಿಯಿಂದಲೇ ಓಡಿಸಿಕೊಂಡು ಬಂದ. ಹುಲಗೇಶ ಹಿಂದೆ ಓಡಿದ. ಹಂಪ್ ಬಂತು. ನಾನು ಮೇಲೆ ಹೋದೆ, ಪೆಟ್ಟಿಗೆ ಮೇಲೆ ಹೋಯಿತು, ಇಬ್ಬರೂ ಕೆಳಗೆ ಬಂದೆವು. ಹಲ್ಲಿಗೆ ಹಲ್ಲು ಬಡಿಯಿತು. ಬೇರೆ ಯಾವ ಸದ್ದೂ ಇಲ್ಲ.

ಹುಲಗೇಶ ಓಡಿ ಬಂದು ನನ್ನ ತೋಳು ಹಿಡಿದ. "ಅಕ್ಕಾ, ಪೆಟ್ಟಾತೇನು?"

ರವಿಕಿರಣ ಇಳಿದು ಬಂದ. "ಆಂಟಿ, ನೋವಾಯ್ತಾ?"

ಗಿರಿಜಾಬಾಯಿ ಅಂಗಡಿಯಿಂದಲೇ ಕೂಗಿದಳು. "ಬಂಡೆಮ್ಮಾ, ಇದ್ದೀಯೇನು?"

ಏಳು ವರ್ಷ ಈ ಬಂಪರುಗಳ ಮೇಲೆ ಕೂತಿದ್ದೇನೆ. ಯಾರೂ ಇದನ್ನು ಕೇಳಿರಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು.

"ನನ್ನ ಮಾರಿ ಏನ್ ನೋಡ್ತೀರಿ? ಜಾಯಿಂಟ್ ನೋಡ್ರಿ!"

ಇಬ್ಬರೂ ಬಗ್ಗಿದರು. ಹುಲಗೇಶ ಬಲಗಡೆಯ ಬೆಸುಗೆಯ ಮೇಲೆ ಹೆಬ್ಬೆರಳು ಒತ್ತಿ ಈ ತುದಿಯಿಂದ ಆ ತುದಿಗೆ ಎಳೆದ. ಮತ್ತೆ ಎಳೆದ.

"ಕೂದಲಷ್ಟು ಸೈತ ಬಿಟ್ಟಿಲ್ಲಕ್ಕಾ," ಅಂದ.

ಹೋಗಿ ಗ್ರೈಂಡರಿನ ವೈರು ಸುತ್ತಿ ಗೂಟಕ್ಕೆ ಹಾಕಿದ. ರವಿಕಿರಣ ಪೆಟ್ಟಿಗೆ ಇಳಿಸಿಕೊಳ್ಳಲು ಕೈ ಚಾಚಿದ. ಇರಲಿ ಅಂದೆ. ಇನ್ನೂ ಸ್ವಲ್ಪ ಹೊತ್ತು ಪೆಟ್ಟಿಗೆ ಹಿಡಿದುಕೊಂಡು ಅಲ್ಲೇ ಕೂತಿದ್ದೆ. ಸೊಂಟ ಬಹಳ ನೋಯುತ್ತಿತ್ತು. ಯಾರಿಗೂ ಹೇಳಲಿಲ್ಲ.